ವಿಂಡೋಸ್, ಮ್ಯಾಕ್, ಲಿನಕ್ಸ್: ನಿಮ್ಮ ಕೆಲಸಕ್ಕೆ ಯಾವುದು ಒಗ್ಗುತ್ತದೆ?

"ಹೊಸ ಲ್ಯಾಪ್‌ಟಾಪ್ ತಗೋಬೇಕು, ವಿಂಡೋಸ್ ಸಾಕಾ, ಮ್ಯಾಕ್‌ಗೆ ಹೋಗ್ಲಾ?" "ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿದರೆ ವಿಡಿಯೊ ಎಡಿಟಿಂಗ್ ಆಗುತ್ತಾ?" "ಕೋಡಿಂಗ್ ಕಲಿಯೋಕೆ ಮ್ಯಾಕ್ ಬೇಕೇ ಬೇಕಾ?" ಓದುಗರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಇವು ಇನ್ನೂ ಜಾಸ್ತಿಯಾಗಿವೆ. ಹಾಗಾಗಿ ಆಯ್ಕೆಯಿಂದ ಇನ್‌ಸ್ಟಾಲ್‌ವರೆಗಿನ ಇಡೀ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಆಪರೇಟಿಂಗ್ ಸಿಸ್ಟಂ ಅಂದರೆ ಯಂತ್ರಕ್ಕೂ ನೀವು ಬಳಸುವ ಸಾಫ್ಟ್‌ವೇರಿಗೂ ನಡುವೆ ಇರುವ ಮೂಲ ವ್ಯವಸ್ಥೆ. ವಿಂಡೋಸ್ ಹೆಚ್ಚಿನ ಲ್ಯಾಪ್‌ಟಾಪ್‌ಗಳ ಜೊತೆಗೇ ಬರುತ್ತದೆ. ಮ್ಯಾಕ್‌ಓಎಸ್ ಆಪಲ್ ಯಂತ್ರಗಳಿಗೆ ಮಾತ್ರ. ಲಿನಕ್ಸ್ ಉಚಿತ, ಅದರಲ್ಲಿ ಹಲವು ಬಗೆಗಳಿವೆ. ಆ ಬಗೆಗಳನ್ನು ‘ಡಿಸ್ಟ್ರೋ’ ಎನ್ನುತ್ತಾರೆ. ಹೊಸಬರು ಉಬುಂಟು ಅಥವಾ ಲಿನಕ್ಸ್ ಮಿಂಟ್ ನೋಡಿದರೆ ಸಾಕು, ಉಳಿದ ನೂರಾರು ಹೆಸರುಗಳಿಗೆ ಈಗ ತಲೆಕೆಡಿಸಿಕೊಳ್ಳಬೇಡಿ.

ಈ ಮೂರರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ವಾದ ಬೆಳೆಯುತ್ತದೆ, ಉತ್ತರ ಸಿಗುವುದಿಲ್ಲ. ನೀವು ಮುಗಿಸಿದ ಕೆಲಸ ಯಾರ ಕೈ ಸೇರಬೇಕು, ಯಾವ ಬಗೆಯ ಫೈಲಾಗಿ ಸೇರಬೇಕು ಅಂತ ಕೇಳಿಕೊಳ್ಳಿ. ಯಾವ ಸಾಫ್ಟ್‌ವೇರ್ ಬೇಕು ಎನ್ನುವುದು ಆ ಫೈಲಿನಿಂದ ಗೊತ್ತಾಗುತ್ತದೆ. ಆ ಸಾಫ್ಟ್‌ವೇರ್ ಎಲ್ಲಿ ಚೆನ್ನಾಗಿ ಓಡುತ್ತದೋ ಅದೇ ನಿಮ್ಮ ಆಪರೇಟಿಂಗ್ ಸಿಸ್ಟಂ.

ಶುರು ಮಾಡುವ ಮುನ್ನ ಇಷ್ಟು ಇಟ್ಟುಕೊಳ್ಳಿ: ಒಂದು ಹಾಳೆ, 16 ಜಿಬಿಯ ಖಾಲಿ ಪೆನ್‌ಡ್ರೈವ್, ನಿಮ್ಮ ಎಲ್ಲ ಫೈಲು ಹಿಡಿಯುವಷ್ಟು ದೊಡ್ಡ ಹೊರಗಿನ ಹಾರ್ಡ್‌ಡಿಸ್ಕ್, ಮತ್ತು ಅವಸರವಿಲ್ಲದ ಒಂದು ರಜಾದಿನ.

ಹಂತ 1: ಯಾರಿಗೆ ಏನು ಕೊಡಬೇಕು, ಬರೆದಿಡಿ

ಹಾಳೆಯ ಎಡಗಡೆ ನೀವು ನಿಜವಾಗಿ ಮಾಡುವ ಕೆಲಸ ಬರೆಯಿರಿ. ಮುಂದೆ ಯಾವತ್ತೋ ಕಲಿಯಬೇಕು ಅಂದುಕೊಂಡಿದ್ದು ಬೇಡ. ಬಲಗಡೆ ಆ ಕೆಲಸ ಯಾವ ರೂಪದಲ್ಲಿ ಹೊರಗೆ ಹೋಗುತ್ತದೆ ಅಂತ ಬರೆಯಿರಿ.

ಉದಾಹರಣೆಗೆ ಲಗ್ನಪತ್ರಿಕೆ, ಫ್ಲೆಕ್ಸ್ ವಿನ್ಯಾಸ ಮಾಡುವವರು. ನಮ್ಮ ಊರುಗಳ ಎಷ್ಟೋ ಪ್ರೆಸ್ಸುಗಳಲ್ಲಿ ಇನ್ನೂ ಕೋರೆಲ್‌ಡ್ರಾ ಫೈಲನ್ನೇ ಕೇಳುತ್ತಾರೆ. ಅಕ್ಷರಗಳನ್ನು ಕರ್ವ್ಸ್ ಮಾಡಿದ ಪಿಡಿಎಫ್ ಕೊಟ್ಟರೆ ಆಗುತ್ತಾ ಅಂತ ಪ್ರೆಸ್ಸಿನವರನ್ನು ಕೇಳಿ. ಕರ್ವ್ಸ್ ಮಾಡುವುದು ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸುವುದು. ಆಮೇಲೆ ಅವರ ಬಳಿ ಆ ಫಾಂಟ್ ಇಲ್ಲದಿದ್ದರೂ ತೊಂದರೆಯಿಲ್ಲ. ‘ಆಗುತ್ತೆ’ ಅಂದರೆ ಮೂರೂ ದಾರಿ ನಿಮಗೆ ತೆರೆದಿವೆ. ‘ಕೋರೆಲ್ ಫೈಲೇ ಬೇಕು, ನಾವು ತಿದ್ದಬೇಕಾಗುತ್ತೆ’ ಅಂದರೆ ಲಿನಕ್ಸ್ ಅಲ್ಲಿಗೆ ಬಿಟ್ಟುಹೋಯಿತು. ಹೀಗೆ ಒಂದು ಫೋನ್ ಕರೆಯಲ್ಲಿ ಎಷ್ಟೋ ಗೊಂದಲ ಬಗೆಹರಿಯುತ್ತದೆ.

ಅದೇ ಕಂಪ್ಯೂಟರಿನಲ್ಲಿ ಮನೆಯ ಬೇರೆಯವರ ಕೆಲಸವೂ ಇದ್ದರೆ ಅದನ್ನೂ ಬರೆಯಿರಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿದ್ದರೆ ಅದು ವಿಂಡೋಸ್ ಸಾಫ್ಟ್‌ವೇರ್. ಟೆಂಡರಿಗೆ, ಜಿಎಸ್‌ಟಿಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಿಗೂ ವಿಂಡೋಸೇ ಸಲೀಸು.

ಹಂತ 2: ಒಂದೇ ಕಡೆ ಓಡುವ ಸಾಫ್ಟ್‌ವೇರ್ ಗುರುತಿಸಿ

ಈಗ ಪಟ್ಟಿಯಲ್ಲಿರುವ ಸಾಫ್ಟ್‌ವೇರುಗಳಲ್ಲಿ ಬದಲಿ ಇಲ್ಲದವನ್ನು ಸುತ್ತು ಹಾಕಿ ಗುರುತಿಸಿ.

ಫೋಟೋಶಾಪ್, ಇಲ್ಲಸ್ಟ್ರೇಟರ್, ಇನ್‌ಡಿಸೈನ್, ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್ ಇವೆಲ್ಲ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಸಿಗುತ್ತವೆ. ಇವನ್ನು ಮಾಡುವ ಅಡೋಬಿ ಕಂಪನಿ ಲಿನಕ್ಸ್‌ಗೆ ಕೊಟ್ಟಿಲ್ಲ. ‘ವೈನ್’ ಎಂಬ ಸೌಲಭ್ಯದಿಂದ ಕೆಲವು ವಿಂಡೋಸ್ ಸಾಫ್ಟ್‌ವೇರುಗಳನ್ನು ಲಿನಕ್ಸ್‌ನಲ್ಲಿ ಓಡಿಸಬಹುದು ನಿಜ. ಆದರೆ ನಾಳೆ ಬೆಳಿಗ್ಗೆ ಗ್ರಾಹಕರಿಗೆ ಕೊಡಬೇಕಾದ ಕೆಲಸವನ್ನು ಅದರ ಮೇಲೆ ನಂಬಿ ಕೂರಬೇಡಿ. ಕೋರೆಲ್‌ಡ್ರಾ ವಿಂಡೋಸ್, ಮ್ಯಾಕ್ ಎರಡಕ್ಕೂ ಇದೆ.

ವಿಡಿಯೊ ಎಡಿಟಿಂಗ್‌ನಲ್ಲಿ ಫೈನಲ್ ಕಟ್ ಪ್ರೊ ಮ್ಯಾಕ್‌ಗೆ ಮೀಸಲು. ಡಾವಿಂಚಿ ರಿಸಾಲ್ವ್ ಮೂರರಲ್ಲೂ ಓಡುತ್ತದೆ, ಉಚಿತ ಆವೃತ್ತಿಯೂ ಇದೆ. ಇಷ್ಟು ಓದಿ ಲಿನಕ್ಸ್ ಹಾಕಿಕೊಂಡವರು ಸಿಕ್ಕಿಬೀಳುವ ಜಾಗ ಒಂದಿದೆ. ಫೋನು, ಕ್ಯಾಮೆರಾಗಳು ಸಾಮಾನ್ಯವಾಗಿ ಎಚ್.264 ಅಥವಾ ಎಚ್.265 ಕೋಡೆಕ್‌ನಲ್ಲಿ ವಿಡಿಯೊ ಉಳಿಸುತ್ತವೆ. ಕೋಡೆಕ್ ಅಂದರೆ ವಿಡಿಯೊವನ್ನು ಕುಗ್ಗಿಸಿ ಇಡುವ ವಿಧಾನ. ಲಿನಕ್ಸ್‌ನ ಉಚಿತ ರಿಸಾಲ್ವ್ ಈ ಎರಡನ್ನೂ ತೆರೆಯುವುದಿಲ್ಲ. ಪ್ರತಿ ಕ್ಲಿಪ್ಪನ್ನೂ ಮೊದಲು ಎಫ್‌ಎಫ್‌ಎಂಪೆಗ್‌ನಂಥ ಸಾಧನದಲ್ಲಿ ಬೇರೆ ಕೋಡೆಕ್‌ಗೆ ಬದಲಿಸಬೇಕು. ಆಗ ಫೈಲಿನ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಲಿನಕ್ಸ್‌ನಲ್ಲೇ ಇರಬೇಕೆಂದರೆ ಕೆಡೆನ್‌ಲೈವ್ ನೋಡಿ. ಯೂಟ್ಯೂಬ್ ಚಾನೆಲ್, ಮದುವೆ ಹೈಲೈಟ್ಸ್, ಸಂದರ್ಶನದ ಮಟ್ಟಕ್ಕೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಫೋನಿನ ವಿಡಿಯೊ ನೇರವಾಗಿ ತೆರೆಯುತ್ತದೆ.

ಸಂಗೀತ, ಧ್ವನಿಮುದ್ರಣದಲ್ಲಿ ಲಾಜಿಕ್ ಪ್ರೊ ಮ್ಯಾಕ್‌ಗೆ ಮಾತ್ರ. ಎಫ್‌ಎಲ್ ಸ್ಟುಡಿಯೊ, ಕ್ಯೂಬೇಸ್, ಏಬಲ್ಟನ್ ಲೈವ್ ವಿಂಡೋಸ್ ಮತ್ತು ಮ್ಯಾಕ್‌ಗೆ ಇವೆ. ರೀಪರ್ ಮತ್ತು ಆರ್ಡರ್ ಮೂರರಲ್ಲೂ ಸಿಗುತ್ತವೆ. ಇಲ್ಲಿ ಗಮನಿಸಬೇಕಾದ್ದು ಲೇಟೆನ್ಸಿ, ಅಂದರೆ ನೀವು ಹಾಡಿದ್ದು ಅಥವಾ ನುಡಿಸಿದ್ದು ಕಂಪ್ಯೂಟರ್ ಹಾದು ನಿಮ್ಮ ಹೆಡ್‌ಫೋನಿಗೆ ಬರುವಷ್ಟರಲ್ಲಿ ಆಗುವ ತಡ. ಮ್ಯಾಕ್‌ನಲ್ಲಿ ಇದಕ್ಕೆ ಹೆಚ್ಚು ಒದ್ದಾಡಬೇಕಿಲ್ಲ. ವಿಂಡೋಸ್‌ನಲ್ಲಿ ಆಡಿಯೊ ಇಂಟರ್‌ಫೇಸ್ (ಮೈಕ್, ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ತಯಾರಕರೇ ಕೊಡುವ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ. ಡ್ರೈವರ್ ಅಂದರೆ ಆ ಸಾಧನವನ್ನು ಸಿಸ್ಟಂಗೆ ಪರಿಚಯಿಸುವ ಚಿಕ್ಕ ಸಾಫ್ಟ್‌ವೇರ್. ಲಿನಕ್ಸ್‌ಗೆ ಬೇಕಾದರೆ ಇಂಟರ್‌ಫೇಸ್ ಕೊಳ್ಳುವ ಮೊದಲೇ ಅದು ‘ಕ್ಲಾಸ್ ಕಂಪ್ಲಯಂಟ್’ ಹೌದೋ ಅಲ್ಲವೋ ನೋಡಿ. ಹಾಗಿದ್ದರೆ ಬೇರೆ ಡ್ರೈವರ್ ಇಲ್ಲದೆಯೇ ಕೆಲಸ ಮಾಡುತ್ತದೆ.

ಆರ್ಕಿಟೆಕ್ಟ್, ಎಂಜಿನಿಯರ್‌ಗಳಿಗೆ ಹೆಚ್ಚು ಯೋಚನೆ ಬೇಡ. ರೆವಿಟ್, ಸಾಲಿಡ್‌ವರ್ಕ್ಸ್, 3ಡಿಎಸ್ ಮ್ಯಾಕ್ಸ್ ಮೂರೂ ವಿಂಡೋಸ್‌ಗೇ ಮಾಡಿದ್ದು. 3ಡಿ ಕೆಲಸಕ್ಕೆ ಬ್ಲೆಂಡರ್ ಬಳಸುವವರು ಎಲ್ಲಿ ಬೇಕಾದರೂ ಇರಬಹುದು. ಚಿತ್ರ, ವಿನ್ಯಾಸಕ್ಕೆ ಕ್ರಿತಾ, ಇಂಕ್‌ಸ್ಕೇಪ್, ಗಿಂಪ್, ಸ್ಕ್ರೀನ್ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೊ, ಧ್ವನಿ ಎಡಿಟಿಂಗ್‌ಗೆ ಆಡಾಸಿಟಿ ಕೂಡ ಹಾಗೆಯೇ, ಮೂರರಲ್ಲೂ ಉಚಿತ.

ಹಂತ 3: ಪ್ರೋಗ್ರಾಮಿಂಗ್ ಮಾಡುವವರು ಇಷ್ಟು ನೋಡಿ

ಪೈಥಾನ್, ಜಾವಾ, ಸಿ, ವೆಬ್‌ಸೈಟ್ ತಯಾರಿಕೆ ಕಲಿಯುತ್ತಿದ್ದೀರಾ? ಈಗಿರುವ ಯಂತ್ರ, ಈಗಿರುವ ಸಿಸ್ಟಂ ಸಾಕು. ಕಲಿಯುವುದಕ್ಕೆಂದೇ ಸಾಲ ಮಾಡಿ ಮ್ಯಾಕ್‌ಬುಕ್ ಕೊಳ್ಳಬೇಡಿ. ಮಕ್ಕಳಿಗೆ ಕೊಡಿಸುವ ಅಪ್ಪ ಅಮ್ಮಂದಿರಿಗೂ ಇದನ್ನೇ ಒತ್ತಿ ಹೇಳುತ್ತೇನೆ.

ಐಫೋನ್ ಆ್ಯಪ್ ಮಾಡಬೇಕಾದರೆ ಮಾತ್ರ ಮ್ಯಾಕ್ ಬೇಕೇ ಬೇಕು. ಅದಕ್ಕೆ ಬೇಕಾದ ಎಕ್ಸ್‌ಕೋಡ್ ಬೇರೆಲ್ಲೂ ಓಡುವುದಿಲ್ಲ. ವಿಂಡೋಸ್‌ನ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುವವರಿಗೆ ವಿಶುವಲ್ ಸ್ಟುಡಿಯೊ ಬೇಕು, ಅದು ಈಗ ವಿಂಡೋಸ್‌ನಲ್ಲಿ ಮಾತ್ರ ಇದೆ. ಮ್ಯಾಕ್ ಆವೃತ್ತಿಯ ಬೆಂಬಲ 2024ರ ಆಗಸ್ಟ್‌ನಲ್ಲಿ ಕೊನೆಯಾಯಿತು. ಇದನ್ನು ವಿಶುವಲ್ ಸ್ಟುಡಿಯೊ ಕೋಡ್ ಜೊತೆ ಕಲಸಬೇಡಿ. ಅದು ಬೇರೆಯೇ ಸಾಫ್ಟ್‌ವೇರ್, ಮೂರರಲ್ಲೂ ಸಿಗುತ್ತದೆ. ಆಂಡ್ರಾಯ್ಡ್ ಸ್ಟುಡಿಯೊ ಸಹ ಮೂರಕ್ಕೂ ಇದೆ, ಆದರೆ 16 ಜಿಬಿ ರ‍್ಯಾಮ್ ಇಲ್ಲದೆ ಎಮ್ಯುಲೇಟರ್ (ಆ್ಯಪ್ ಪರೀಕ್ಷಿಸಲು ಕಂಪ್ಯೂಟರಿನೊಳಗೇ ಓಡುವ ನಕಲಿ ಫೋನ್) ಜೊತೆ ಕೆಲಸ ಮಾಡುವುದು ಕಷ್ಟ.

ಸರ್ವರ್, ಡಾಕರ್, ಕ್ಲೌಡ್ ಕಡೆ ಕೆಲಸ ಮಾಡುವವರಿಗೆ ಲಿನಕ್ಸ್ ಗೊತ್ತಿರಲೇಬೇಕು. ಅದಕ್ಕಾಗಿ ವಿಂಡೋಸ್ ಬಿಡಬೇಕಿಲ್ಲ. ಡಬ್ಲ್ಯೂಎಸ್‌ಎಲ್ ಎಂಬ ಸೌಲಭ್ಯದಿಂದ ವಿಂಡೋಸ್ ಒಳಗೇ ಉಬುಂಟು ಓಡಿಸಬಹುದು. ಫೋಟೋಶಾಪೂ ಬೇಕು, ಲಿನಕ್ಸ್ ಟರ್ಮಿನಲ್ಲೂ ಬೇಕು ಎನ್ನುವವರಿಗೆ ನನ್ನ ಮೊದಲ ಸಲಹೆ ಇದೇ. ಒಂದು ಎಚ್ಚರಿಕೆ: ಪ್ರಾಜೆಕ್ಟ್ ಫೋಲ್ಡರನ್ನು ಸಿ ಡ್ರೈವ್‌ನಲ್ಲಿ ಇಟ್ಟು ಡಬ್ಲ್ಯೂಎಸ್‌ಎಲ್‌ನಿಂದ ತೆರೆದರೆ ತುಂಬಾ ನಿಧಾನವಾಗುತ್ತದೆ. ಅದರ ಲಿನಕ್ಸ್ ಹೋಮ್ ಫೋಲ್ಡರ್ ಒಳಗೇ ಇಡಿ.

ಎಐ ಮಾದರಿಗಳನ್ನು ತರಬೇತಿ ಮಾಡುವವರು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ವಿಂಡೋಸ್ ಅಥವಾ ಲಿನಕ್ಸ್ ಯಂತ್ರ ನೋಡಿ. ಇಲ್ಲಿನ ಬಹಳಷ್ಟು ಸಾಧನಗಳು ಕುಡಾ ಎಂಬ ಎನ್‌ವಿಡಿಯಾ ತಂತ್ರಜ್ಞಾನವನ್ನು ನೆಚ್ಚಿವೆ, ಈಗಿನ ಮ್ಯಾಕ್‌ಗಳಲ್ಲಿ ಅದಿಲ್ಲ.

ಬೇರೆ ಬೇರೆ ಸಿಸ್ಟಂನವರು ಸೇರಿ ಒಂದೇ ಪ್ರಾಜೆಕ್ಟ್ ಮಾಡುವಾಗ ಫೈಲಿನ ಹೆಸರುಗಳ ಬಗ್ಗೆ ಹುಷಾರು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವನ್ನು ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಲಿನಕ್ಸ್ ತಗೊಳ್ಳುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುವ ಚಿತ್ರ ಸರ್ವರಿಗೆ ಹೋದ ಮೇಲೆ ಮಾಯವಾಗುವುದು ಎಷ್ಟೋ ಸಲ ಇದರಿಂದಲೇ. ಎಲ್ಲ ಹೆಸರೂ ಸಣ್ಣಕ್ಷರದಲ್ಲಿರಲಿ.

ಹಂತ 4: ಕನ್ನಡವನ್ನು ಪರೀಕ್ಷಿಸಿ

ಇಂಗ್ಲಿಷ್ ವಿಮರ್ಶೆಗಳಲ್ಲಿ ಈ ವಿಷಯ ಬರುವುದೇ ಇಲ್ಲ. ನಮಗಂತೂ ಇದು ಮುಖ್ಯ, ಅಲ್ವಾ? ಇದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ.

ಮೊದಲನೆಯದು ಟೈಪಿಂಗ್. ನುಡಿ ಮತ್ತು ಬರಹ ವಿಂಡೋಸ್‌ಗೆ ಮಾಡಿದವು. ಅವಿಲ್ಲದೆಯೂ ವಿಂಡೋಸ್ 11ರ ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಕೀಬೋರ್ಡ್ ಎರಡೂ ಸಿಗುತ್ತವೆ. ನುಡಿಯ ಕೀಲಿಗೆ ಬೆರಳು ಒಗ್ಗಿದವರಿಗೆ ಲಿನಕ್ಸ್‌ನಲ್ಲಿ ಒಳ್ಳೆಯ ಸುದ್ದಿ ಇದೆ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬ ಆಯ್ಕೆ ಇರುತ್ತದೆ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ ಅದು, ಅಂದರೆ ನುಡಿಯದೇ. ಮ್ಯಾಕ್‌ನಲ್ಲೂ ಕನ್ನಡ ಕೀಬೋರ್ಡ್ ಜೊತೆಗೇ ಬರುತ್ತದೆ, ಆದರೆ ಕೆಲವು ಅಕ್ಷರಗಳ ಜಾಗ ನುಡಿಗಿಂತ ಬೇರೆ. ಅಂಗಡಿಯಲ್ಲೇ ಅದನ್ನು ಆನ್ ಮಾಡಿಸಿ ಒಂದು ಪ್ಯಾರಾ ಟೈಪ್ ಮಾಡಿ ನೋಡಿ.

ಎರಡನೆಯದು ಹಳೆಯ ಫೈಲುಗಳು. ಹಿಂದೆ ನುಡಿ, ಬರಹದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಇದಕ್ಕೆ ಆಸ್ಕಿ ಫಾಂಟ್ ಎನ್ನುವ ಹೆಸರು ರೂಢಿಯಲ್ಲಿದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದೆ, ಹಾಗಾಗಿ ಯಾವ ಸಿಸ್ಟಂನಲ್ಲಾದರೂ ಓದಲು ಬರುತ್ತದೆ. ಪುಟ ವಿನ್ಯಾಸದ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ವರ್ಷಗಟ್ಟಲೆ ಪೇಜ್‌ಮೇಕರ್‌ನಲ್ಲಿ ಪುಸ್ತಕ ಕಟ್ಟಿದವರು ಸಿಸ್ಟಂ ಬದಲಿಸುವ ಮೊದಲೇ, ಹಳೆಯ ಯಂತ್ರ ಓಡುತ್ತಿರುವಾಗಲೇ, ಪಠ್ಯವನ್ನೆಲ್ಲ ಹೊರತೆಗೆದು ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ. ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅಂಕಿ, ಉದ್ಧರಣ ಚಿಹ್ನೆಗಳನ್ನು ಕಣ್ಣಿಟ್ಟು ಓದಿ, ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ. ಈ ಕೆಲಸ ಬೇಸರದ್ದು. ಆದರೆ ಒಂದು ದಿನ ಆ ಹಳೆಯ ಯಂತ್ರ ನಿಂತರೆ ಹತ್ತಾರು ಪುಸ್ತಕದ ಪಠ್ಯ ಅದರೊಳಗೇ ಉಳಿದುಬಿಡುತ್ತದೆ. ದಯವಿಟ್ಟು ಮುಂದೂಡಬೇಡಿ.

ಮೂರನೆಯದು ವಿನ್ಯಾಸ ಮತ್ತು ವಿಡಿಯೊ ಸಾಫ್ಟ್‌ವೇರ್ ಒಳಗೆ ಕನ್ನಡ ಸರಿಯಾಗಿ ಮೂಡುತ್ತದೋ ಇಲ್ಲವೋ ಎನ್ನುವುದು. ಮೂಲಾಕ್ಷರ, ಒತ್ತು, ಕಾಗುಣಿತ ಸೇರಿಸಿ ಸರಿಯಾದ ರೂಪ ಕಟ್ಟುವುದಕ್ಕೆ ಟೆಕ್ಸ್ಟ್ ಶೇಪಿಂಗ್ ಎನ್ನುತ್ತಾರೆ. ಸಿಸ್ಟಂನಲ್ಲಿ ಕನ್ನಡ ಚೆನ್ನಾಗಿದ್ದರೂ ಒಂದೊಂದು ಸಾಫ್ಟ್‌ವೇರ್ ಇದರಲ್ಲಿ ಎಡವುತ್ತದೆ. ‘ಅರ್ಕಾವತಿ’, ‘ಸ್ತ್ರೀ’, ‘ಜ್ಞಾನ’, ‘ರಾಷ್ಟ್ರಕೂಟ’ ಈ ನಾಲ್ಕು ಪದ ಟೈಪ್ ಮಾಡಿ. ಅರ್ಕಾವತ್ತು ಅಕ್ಷರದ ನಂತರ ಬರಬೇಕು, ಒತ್ತುಗಳು ಕೆಳಗೆ ಕೂರಬೇಕು. ಒಡೆದು ಬಿಡಿಬಿಡಿಯಾಗಿ ಕಂಡರೆ ಸೆಟ್ಟಿಂಗ್ಸ್ ನೋಡಿ. ಇನ್‌ಡಿಸೈನ್‌ನಲ್ಲಾದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿದರೆ ಸರಿಹೋಗುತ್ತದೆ. ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಸೆಟ್ಟಿಂಗ್ಸ್ ಒಳಗೆ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇದೆ. ಎಡಿಟಿಂಗ್ ಸಾಫ್ಟ್‌ವೇರ್ ಏನು ಮಾಡಿದರೂ ಕೇಳದಿದ್ದರೆ ಶೀರ್ಷಿಕೆಯನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು, ಹಿನ್ನೆಲೆ ಪಾರದರ್ಶಕವಿರುವ ಪಿಎನ್‌ಜಿ ಚಿತ್ರ ಮಾಡಿ ವಿಡಿಯೊ ಮೇಲೆ ಕೂರಿಸಿ.

ಹಂತ 5: ಯಂತ್ರ ತಾಳುತ್ತದೋ ನೋಡಿ

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಟಿಪಿಎಂ ಅಂದರೆ ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಚಿಪ್. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನವು ಆಗುತ್ತವೆ. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಓಡಿಸಿದರೆ ಅದೇ ಹೇಳುತ್ತದೆ. ಆಗುವುದಿಲ್ಲ ಅಂದರೆ ವಿಂಡೋಸ್ 10ರಲ್ಲೇ ಕೆಲಕಾಲ ಇರಲು ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಇದೆ, ಮನೆ ಬಳಕೆಯವರಿಗೆ ಮೈಕ್ರೋಸಾಫ್ಟ್ ಹೇಳಿದ ಗಡುವು 2026ರ ಅಕ್ಟೋಬರ್ 13. ಇಲ್ಲದಿದ್ದರೆ ಆ ಯಂತ್ರಕ್ಕೆ ಲಿನಕ್ಸ್ ಹಾಕಿ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರವೂ ಚುರುಕಾಗುತ್ತದೆ.

ಹೊಸದು ಕೊಳ್ಳುವವರು ಬರವಣಿಗೆ, ಕೋಡಿಂಗ್ ಕಲಿಕೆಗೆ 8 ಜಿಬಿ, ಗಂಭೀರ ಕೋಡಿಂಗ್ ಮತ್ತು ವಿನ್ಯಾಸಕ್ಕೆ 16 ಜಿಬಿ ರ‍್ಯಾಮ್ ನೋಡಿ. 4ಕೆ ವಿಡಿಯೊ, 3ಡಿ ಕೆಲಸಕ್ಕೆ ಆದರೆ 32 ಜಿಬಿ ತಗೊಳ್ಳಿ. ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ, ಕೊಳ್ಳುವಾಗಲೇ ನಿರ್ಧರಿಸಿ. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಹಳೆಯ ಇಂಟೆಲ್ ಮ್ಯಾಕ್ ಕೊಳ್ಳಬೇಡಿ. 2020ರ ನವೆಂಬರಿನಿಂದ ಆಪಲ್ ತನ್ನದೇ ಚಿಪ್‌ಗೆ ಹೊರಳಿದೆ. ಮ್ಯಾಕ್‌ಓಎಸ್ 26 ಟಾಹೋ ಇಂಟೆಲ್ ಯಂತ್ರಗಳಿಗೆ ಸಿಗುವ ಕೊನೆಯ ಆವೃತ್ತಿ. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಎಆರ್‌ಎಂ ಪ್ರೊಸೆಸರ್ (ಇಂಟೆಲ್, ಎಎಂಡಿಗಿಂತ ಬೇರೆ ಬಗೆಯದು) ಇದ್ದರೆ ನಿಮ್ಮ ಪ್ರಿಂಟರ್, ಟೋಕನ್, ಆಡಿಯೊ ಇಂಟರ್‌ಫೇಸ್‌ಗೆ ಡ್ರೈವರ್ ಇದೆಯೇ ಅಂತ ಮೊದಲು ವಿಚಾರಿಸಿ.

ಯಾರಾದರೂ ‘ಆಕ್ಟಿವೇಟ್ ಮಾಡಿಕೊಡ್ತೀವಿ’ ಅಂತ ಹಾಕಿಕೊಡುವ ಕದ್ದ ವಿಂಡೋಸ್, ಕದ್ದ ಫೋಟೋಶಾಪ್ ಬೇಡವೇ ಬೇಡ. ಅದರ ಜೊತೆ ವೈರಸ್ ಬಂದರೆ ಹೋಗುವುದು ನಿಮ್ಮ ಗ್ರಾಹಕರ ಫೈಲು, ನಿಮ್ಮ ಬ್ಯಾಂಕ್ ಪಾಸ್‌ವರ್ಡ್.

ಹಂತ 6: ಏನನ್ನೂ ಅಳಿಸದೆ ಲಿನಕ್ಸ್ ನೋಡಿ

ಮ್ಯಾಕ್ ಅಥವಾ ವಿಂಡೋಸ್ ಆರಿಸಿಕೊಂಡವರು ಈ ಹಂತ ಮತ್ತು ಮುಂದಿನದನ್ನು ಬಿಟ್ಟು 8ಕ್ಕೆ ಹೋಗಬಹುದು.

ಉಬುಂಟು ಅಥವಾ ಮಿಂಟ್‌ನ ಐಎಸ್‌ಒ ಫೈಲನ್ನು (ಇಡೀ ಸಿಸ್ಟಂ ಒಂದೇ ಫೈಲಿನಲ್ಲಿ ಅಡಕವಾಗಿರುವುದು) ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಉಬುಂಟುವಿನಲ್ಲಿ ಎಲ್‌ಟಿಎಸ್ ಎಂದಿರುವುದನ್ನು ಆರಿಸಿ, ಅದಕ್ಕೆ 5 ವರ್ಷದ ಬೆಂಬಲ ಇರುತ್ತದೆ. ರೂಫಸ್ ಅಥವಾ ಬಲೀನಾ ಎಚರ್ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ ಅದನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಆಮೇಲೆ ಯಂತ್ರವನ್ನು ಪೆನ್‌ಡ್ರೈವ್‌ನಿಂದ ಆನ್ ಮಾಡಿ ‘ಟ್ರೈ’ ಎನ್ನುವುದನ್ನು ಆರಿಸಿ. ಇದನ್ನು ಲೈವ್ ಮೋಡ್ ಎನ್ನುತ್ತಾರೆ, ಒಳಗಿನ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಸ್ವಲ್ಪ ನಿಧಾನ ಇರುತ್ತದೆ.

ಸುಮ್ನೆ ಡೆಸ್ಕ್‌ಟಾಪ್ ನೋಡಿ ಮುಚ್ಚಬೇಡಿ. ವೈಫೈ, ಬ್ಲೂಟೂತ್, ಸ್ಪೀಕರ್, ಮೈಕ್, ವೆಬ್‌ಕ್ಯಾಮ್ ಒಂದೊಂದಾಗಿ ಪರೀಕ್ಷಿಸಿ. ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಸರಿಯಾಗಿ ಎಚ್ಚರಗೊಳ್ಳುತ್ತದೆಯೇ? ನಿಮ್ಮ ಪ್ರಿಂಟರಿನಿಂದ ಒಂದು ಪುಟ ತೆಗೆಯಿರಿ, ಹಳೆಯ ಲೇಸರ್ ಪ್ರಿಂಟರುಗಳಲ್ಲಿ ಕೆಲವು ಇಲ್ಲಿ ಕೈಕೊಡುತ್ತವೆ. ಚಿತ್ರ ಬಿಡಿಸುವವರು ಪೆನ್ ಟ್ಯಾಬ್ಲೆಟ್‌ನ ಒತ್ತಡ ಕೆಲಸ ಮಾಡುತ್ತದೆಯೇ ನೋಡಿ. ನಿಮ್ಮದೇ ಒಂದು ಹಳೆಯ ಪ್ರಾಜೆಕ್ಟ್ ಫೈಲ್ ತೆರೆಯಿರಿ.

ಹಂತ 7: ಎರಡೂ ಇರಲಿ ಅಂದರೆ

ಒಂದೇ ಯಂತ್ರದಲ್ಲಿ ಎರಡು ಸಿಸ್ಟಂ ಇಡುವುದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಡೇಟಾ ಕಳೆದುಕೊಳ್ಳುವವರು ಹೆಚ್ಚಾಗಿ ಇಲ್ಲೇ ಕಳೆದುಕೊಳ್ಳುವುದು. ಈ ಕ್ರಮ ತಪ್ಪಿಸಬೇಡಿ.

ಮೊದಲು ಎಲ್ಲ ಫೈಲನ್ನೂ ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ಬೇರೆ ಕಂಪ್ಯೂಟರಿನಲ್ಲಿ ಕೆಲವನ್ನಾದರೂ ತೆರೆದು ನೋಡಿ, ಆ ಡಿಸ್ಕ್ ಕಳಚಿ ಪಕ್ಕಕ್ಕಿಡಿ. ಎರಡನೆಯದಾಗಿ, ಬಿಟ್‌ಲಾಕರ್ ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ ಆನ್ ಇದೆಯೇ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಅದರ 48 ಅಂಕಿಯ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಈ ಕೀ ಇಲ್ಲದೆ ಬೀಗ ಬಿದ್ದರೆ ಯಾವ ರಿಪೇರಿಯವರೂ ತೆಗೆದುಕೊಡಲಾರರು. ಮೂರನೆಯದಾಗಿ, ಬೇಗ ಆನ್ ಆಗಲೆಂದು ವಿಂಡೋಸ್ ಪೂರ್ತಿ ಆಫ್ ಆಗದಂತೆ ಮಾಡುವ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಆಮೇಲೆ ವಿಂಡೋಸ್‌ನದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಸಿ ಡ್ರೈವ್ ಕುಗ್ಗಿಸಿ 80–100 ಜಿಬಿ ಖಾಲಿ ಜಾಗ ಬಿಡಿ.

ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ‘ಜೊತೆಗೆ’ ಹಾಕುವ ಆಯ್ಕೆಯನ್ನೇ ಆರಿಸಿ. ‘ಇರೇಸ್ ಡಿಸ್ಕ್’ ಅಂದರೆ ಡಿ, ಇ ಡ್ರೈವ್ ಸೇರಿ ಆ ಡಿಸ್ಕ್‌ನಲ್ಲಿರುವ ಎಲ್ಲವೂ ಹೋಗುತ್ತದೆ. ಇನ್‌ಸ್ಟಾಲರ್‌ನಲ್ಲಿ ಡಿಸ್ಕೇ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಗೊತ್ತಿರುವವರನ್ನು ಕರೆಯಿರಿ. ಬಯೋಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್ಸ್‌ನಲ್ಲಿ, ಏನೇನೋ ಬದಲಿಸಲು ಹೋಗಬೇಡಿ.

ಆಪಲ್ ಚಿಪ್ ಇರುವ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ (ಇಂಟೆಲ್ ಮ್ಯಾಕ್‌ನಲ್ಲಿ ವಿಂಡೋಸ್ ಹಾಕಿಕೊಳ್ಳಲು ಇದ್ದ ಸೌಲಭ್ಯ) ಇಲ್ಲ, ವಿಂಡೋಸ್ ಡ್ಯುಯಲ್ ಬೂಟ್ ಆಗುವುದಿಲ್ಲ. ಪ್ಯಾರಲಲ್ಸ್‌ನಂಥ ಸಾಫ್ಟ್‌ವೇರ್ ಒಳಗೆ ವಿಂಡೋಸ್‌ನ ಎಆರ್‌ಎಂ ಆವೃತ್ತಿ ಓಡಿಸಬಹುದು.

ಹಂತ 8: ಹೊಸ ಸಿಸ್ಟಂನಲ್ಲಿ ಮೊದಲ ವಾರ

ಬಳಕೆದಾರರ ಹೆಸರು ಕೇಳಿದಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಖಾಲಿ ಜಾಗವಿಲ್ಲದೆ ಕೊಡಿ. ಆ ಹೆಸರಿನಲ್ಲೇ ಫೋಲ್ಡರ್ ಆಗುತ್ತದೆ, ಅದರಲ್ಲಿ ಕನ್ನಡ ಅಕ್ಷರ ಅಥವಾ ಜಾಗ ಇದ್ದರೆ ಕೆಲವು ಪ್ರೋಗ್ರಾಮಿಂಗ್ ಸಾಧನಗಳು ತಕರಾರು ಮಾಡುತ್ತವೆ.

ಎರಡು ಮೂರು ಸಿಸ್ಟಂ ನಡುವೆ ಓಡಾಡುವ ಡಿಸ್ಕ್‌ಗೆ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಇರಲಿ. ಫಾರ್ಮ್ಯಾಟ್ ಅಂದರೆ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ ಅಷ್ಟೆ, ಅದಕ್ಕೆ ಬರೆಯುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಇದ್ದದ್ದು ಅಳಿಯುತ್ತದೆ, ಮೊದಲು ಖಾಲಿ ಮಾಡಿಕೊಳ್ಳಿ.

ಹಳೆಯ ಯಂತ್ರವನ್ನು ತಕ್ಷಣ ಮಾರಬೇಡಿ. ಒಂದು ನಿಜವಾದ ಕೆಲಸವನ್ನು ಹೊಸ ಸಿಸ್ಟಂನಲ್ಲಿ ಶುರುವಿನಿಂದ ಕೊನೆಯವರೆಗೆ ಮಾಡಿ, ಪ್ರೆಸ್ಸಿಗೋ ಗ್ರಾಹಕರಿಗೋ ಕೊಟ್ಟು, ಅವರು ‘ಸರಿಯಿದೆ’ ಅಂದ ಮೇಲೆ ಮಾರಿ. ಮಾರುವ ದಿನ ಅಡೋಬಿ, ಕೋರೆಲ್‌ನಂಥ ಲೈಸೆನ್ಸ್‌ಗಳಿಂದ ಆ ಯಂತ್ರವನ್ನು ಸೈನ್ ಔಟ್ ಮಾಡಿ. ಇಲ್ಲದಿದ್ದರೆ ಹೊಸ ಯಂತ್ರದಲ್ಲಿ ‘ಮಿತಿ ಮೀರಿದೆ’ ಎಂಬ ಸಂದೇಶ ಬರಬಹುದು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ತೆಗೆದು, ಡಿಸ್ಕ್ ಪೂರ್ತಿ ಅಳಿಸಿಯೇ ಕೊಡಿ.